ಉಳಿದ ಮಣ್ಣು

ನಾರಿನ್ ಹೊಳೆಯ ಮೇಲ್ಗಡೆ, ನಮ್ಮೂರಲ್ಲಿ
ಜನವರಿಯ ನೆಲ ಹಾರೆಗೆ ಜಗ್ಗುವುದಿಲ್ಲ.
ಹಿಂದಿನ ರಾತ್ರಿಯೇ ಹಳೇ ಟೈರು ಸುಡಬೇಕು,
ಕಾವು ಒಂದು ಮೊಳ ಕೆಳಗಿಳಿಯಬೇಕು,
ನಸುಕಿಗೆ ಬೂದಿ ಸರಿಸಿ ಅಗೆಯಬೇಕು.
ಹಾಗೇ ಅಗೆದೆ, ಬುರುಲ್ ಟೀಚರಿಗೆ.
ಉದ್ದ ಎರಡು ಮೀಟರು, ಅಗಲ ಎಂಬತ್ತು ಸೆಂಟಿಮೀಟರು.
ಅಳತೆಪಟ್ಟಿ ಹಿಡಿಯಲು ಕಲಿಸಿದವಳೂ ಅವಳೇ,
ಐದನೇ ಕ್ಲಾಸಿನಲ್ಲಿ, ಕಿವಿ ಹಿಂಡಿ.

ಬಿಸಿಲು ಬೆಟ್ಟದ ಹೆಗಲಿಗೆ ಬರುವಾಗ ಜನ ಬಂದರು.
ಮುಲ್ಲಾ ಬಂದ. ಊರ ಮುಖ್ಯಸ್ಥ ಬಂದ.
ಜೀಪಿನಲ್ಲಿ ಇಬ್ಬರು ಪೊಲೀಸರು ಬಂದು
ಗಾಜು ಇಳಿಸದೆ ಒಳಗೇ ಕೂತರು.
‘ನಮ್ಮನ್ನು ಬಿಟ್ಟು ಹೋದವಳಿಗೆ ಇಲ್ಲಿ ಜಾಗವಿಲ್ಲ’
ಅಂದ ಯಾರೋ, ಹಿಂದಿನಿಂದ.

ಹೋಗಿದ್ದಾದರೂ ಎಲ್ಲಿಗೆ?
ಹಾಲಿನ ಡೈರಿಯ ಹಿಂದಿನ ಎರಡು ಕೋಣೆಯ ಮನೆಗೆ,
ಭಾನುವಾರ ಹನ್ನೊಂದು ಮಂದಿ ಕಿಟಕಿ ಮುಚ್ಚಿ ಹಾಡುವಲ್ಲಿಗೆ.
ನಡೆದರೆ ಇನ್ನೂರು ಹೆಜ್ಜೆ.

ಸುಳ್ಳಾಡಲಾರೆ, ಅವಳ ಕಾಟ ನನಗೂ ಸಾಕಾಗಿತ್ತು.
ದಾರಿಗಡ್ಡ ನಿಂತು ಕೋಟಿನ ಜೇಬಿಗೆ ಪುಸ್ತಕ ತುರುಕುತ್ತಿದ್ದಳು,
‘ನಿನ್ನ ಬಾಟಲಿ ನಿನ್ನನ್ನು ಕುಡಿಯುತ್ತಿದೆ, ಎಸೆನ್’ ಎನ್ನುತ್ತಿದ್ದಳು.
ಅವಳು ತಿರುವಿನಲ್ಲಿ ಕಂಡರೆ
ನಾನು ಟ್ರ್ಯಾಕ್ಟರ್ ಶೆಡ್ಡಿನ ಹಿಂದೆ.
ನನ್ನ ಹೆಂಡತಿ ಒಮ್ಮೆ ಅವಳ ಮುಖಕ್ಕೇ ಬಾಗಿಲು ಹಾಕಿದಳು.
ಮಾರನೇ ದಿನ ಮಗಳ ಲೆಕ್ಕ ತಿದ್ದಿಸಲು
ಅದೇ ಬಾಗಿಲು ತೆರೆದು ಕರೆದಳು.
ಬಂದಳು.

ಅದೇ ಬಾಟಲಿಯ ಬಗ್ಗೆ ಪ್ರತಿ ವಸಂತ
ಹಾಸಿಗೆ ಹೊತ್ತು ಪಟ್ಟಣದಿಂದ ಬರುವ ಗಡ್ಡದವರೂ
ನನಗೆ ಬುದ್ಧಿ ಹೇಳುತ್ತಾರೆ.
ಅವರಿಗೆ ಚಹಾ, ಒಣ ಏಪ್ರಿಕಾಟು, ಮೆತ್ತನೆಯ ದಿಂಬು.

ಗೆನ್ನಾದಿ ನೆನಪಿದ್ದಾನೆ ನಿಮಗೆ?
ಕುಂದುಜಳನ್ನು ಮದುವೆಯಾಗಲು
ತಡವರಿಸುತ್ತ ಕಲಿಮಾ ಹೇಳಿ ಗನಿ ಆದವನು.
ಅವತ್ತು ಊರಿಗೆ ಊರೇ ಕುಣಿಯಿತು, ಕುದುರೆ ಕಡಿದೆವು,
ಅವನ ತಾಯಿ ಮಾತ್ರ ತುಳಾ ಎಂಬ ಊರಿನಿಂದ
ಒಂದು ಕಾಗದವನ್ನೂ ಬರೆಯಲಿಲ್ಲ.
ಆಗ ನಾವಂದೆವು: ಎಂಥ ಕಲ್ಲು ಮನಸ್ಸಿನ ಹೆಂಗಸು!

ಇವತ್ತು ಗನಿ ಎಲ್ಲರಿಗಿಂತ ಮುಂದೆ ನಿಂತಿದ್ದ,
ಎಲ್ಲರಿಗಿಂತ ಗಟ್ಟಿಯಾಗಿ ಬೇಡವೆಂದ.
ಅವನಿಗೆ ಭಯ, ನನಗೆ ಗೊತ್ತು.
ಆಮೇಲೆ ಕಾಗದ ಸುತ್ತಿ ಬಂತು. ನಾನೂ ಸಹಿ ಮಾಡಿದೆ.
ಹಾರೆ ಹಿಡಿದು ಸೆಟೆದ ಬೆರಳು,
ನನ್ನ ಹೆಸರು ನನಗೇ ಓದಲಾಗಲಿಲ್ಲ.

ಮಗ ತಾಲಾಯ್ ಒಂದು ಮಾತೂ ಆಡಲಿಲ್ಲ.
ಕಲ್ಲಿದ್ದಲ ಲಾರಿಯಲ್ಲಿ ತಾಯಿಯನ್ನು ಮಲಗಿಸಿ
ನಲವತ್ತು ಕಿಲೋಮೀಟರ್ ದೂರದ ರಷ್ಯನ್ನರ ಸ್ಮಶಾನಕ್ಕೆ ಹೋದ.
ಅಲ್ಲಿನ ಕಾವಲಿನ ಮುದುಕ ಕೇಳಿದನಂತೆ:
ನಮ್ಮ ಶಿಲುಬೆಯವಳೋ, ಹೊಸಬರ ಶಿಲುಬೆಯವಳೋ?
ಮುಂದಿನದು ನನಗೆ ಗೊತ್ತಿಲ್ಲ.
ಕಣಿವೆಯಾಚೆ ಸೈನ್ಯದವರು ಬಿಟ್ಟುಹೋದ ಬಯಲಲ್ಲಿ ಅನ್ನುತ್ತಾರೆ,
ಗುರುತಿಲ್ಲದಂತೆ, ಕತ್ತಲಾದ ಮೇಲೆ.

ನನಗಿತ್ತ ಕೆಲಸ ಬೇರೆ.
ತೋಡಿದ ಗುಣಿ ಬರಿದೇ ಬಾಯ್ತೆರೆದಿರಬಾರದು,
ಇನ್ನೊಬ್ಬರನ್ನು ಕೇಳುತ್ತದೆ. ಮುಚ್ಚು, ಅಂದರು.
ಮುಚ್ಚಿದೆ, ಹೆಂಟೆಯ ಮೇಲೆ ಹೆಂಟೆ ಎಳೆದು, ಕಾಲಲ್ಲಿ ಮೆಟ್ಟಿ.
ಯಾರನ್ನಾದರೂ ಇಟ್ಟಿದ್ದರೆ
ಅವರಷ್ಟು ಮಣ್ಣು ಮೇಲೆ ಉಳಿಯುತ್ತಿತ್ತು, ದಿಬ್ಬವಾಗುತ್ತಿತ್ತು.
ಇಲ್ಲಿ ಯಾರೂ ಇಲ್ಲ. ಸಮ ಬರಬೇಕು.
ಬರಲಿಲ್ಲ. ಒಂದು ಬೊಗಸೆ ಕಡಿಮೆ ಬಿತ್ತು.

ಲೆಕ್ಕ ಮತ್ತೆ ಮಾಡು, ಎನ್ನುತ್ತಿದ್ದಳು ಅವಳು.
ಹಾರೆ ಕೊಡವಿ ನೋಡಿದೆ, ಬೂಟು ಬಡಿದು ನೋಡಿದೆ.
ಮನೆಗೆ ಬಂದು ಕೈ ತೊಳೆಯುವಾಗ
ಉಗುರ ಸಂದಿಯಿಂದ ಸ್ವಲ್ಪ ಬಂತು,
ನೀರು ಕಪ್ಪಾಯಿತು.
ಆದರೂ ಅದು ಒಂದು ಬೊಗಸೆ ಅಲ್ಲ.