ಮೂವತ್ತೊಂದು ಗುರುತು

ಗುರುವಾರ ಬೆಳಿಗ್ಗೆ ಮುಪ್ಪನ್ನು ಅಳೆಯುವುದು ನನ್ನ ಕೆಲಸ.
ತಾರ್ತುವಿನ ಈ ನೆಲಮಾಳಿಗೆಗೆ ಕಿಟಕಿಯಿಲ್ಲ.
ದೀಪ ಏಳಕ್ಕೆ ಹತ್ತುತ್ತದೆ, ಏಳಕ್ಕೆ ಆರುತ್ತದೆ.
ಹೊರಗೆ ಎಮಾಯೊಗಿ ನದಿ ಹೆಪ್ಪುಗಟ್ಟಲಿ, ಕರಗಲಿ,
ಇಲಿಗಳಿಗೆ ಒಂದೇ ಋತು.

ಎರಡು ಚೀಲ ಮೇವು: ನೀಲಿ ಚೀಟಿ, ಹಳದಿ ಚೀಟಿ.
ಒಂದರಲ್ಲಿ ಆಯುಸ್ಸಿನ ಪುಡಿ ಬೆರೆತಿದೆ.
ಯಾವುದರಲ್ಲೆಂದು ಲೆಕ್ಕದ ಕೋಣೆಯ ರಿಹೊ
ಲಕೋಟೆಯಲ್ಲಿ ಬರೆದಿಟ್ಟು ಬೀಗ ಹಾಕಿದ್ದಾನೆ.
ಊಟ ಬಲ್ಲವನಿಗೆ ರೋಗವಿಲ್ಲವಂತೆ.
ಇಲ್ಲಿ ಉಣ್ಣುವವೂ ಅರಿಯವು,
ಬಡಿಸುವ ನಾನೂ ಅರಿಯೆ.

ಒಂದೊಂದನ್ನೇ ಅಂಗೈಗೆ ತೆಗೆದುಕೊಳ್ಳುತ್ತೇನೆ.
ರೋಮ ಉದುರಿದೆಯೇ, ಮೀಸೆ ಸುರುಟಿದೆಯೇ,
ಬೆನ್ನು ಗೂನೇ, ಕಣ್ಣಿಗೆ ಪೊರೆಯೇ,
ಬಾಲ ಬೆರಳಿಗೆ ಸುತ್ತಿಕೊಳ್ಳುವುದೋ
ಕಡ್ಡಿಯಂತೆ ನಿಲ್ಲುವುದೋ,
ಹೀಗೆ ಮೂವತ್ತೊಂದು ಗುರುತು.
ಇಲ್ಲದಿದ್ದರೆ ಸೊನ್ನೆ, ಢಾಳಾಗಿದ್ದರೆ ಒಂದು,
ಇದ್ದೂ ಇಲ್ಲದಂತಿದ್ದರೆ ಅರ್ಧ.
ಮುಪ್ಪೆಂದರೆ ಬಹುಪಾಲು ಅರ್ಧಗಳೇ
ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಮೊತ್ತ ಹತ್ತು ಮುಟ್ಟಿದರೆ ವೈದ್ಯ ಯುಲೊನನ್ನು ಕರೆಯಬೇಕು,
ಅವನು ಸೂಜಿ ತರುತ್ತಾನೆ.
ಹಳದಿಯ ಇನ್ನೂರ ಹದಿನಾಲ್ಕಕ್ಕೆ
ಒಮ್ಮೆ ನಾನು ಒಂಬತ್ತೂವರೆ ಬರೆದೆ.
ಮತ್ತೊಂದು ಗುರುವಾರವೂ ಒಂಬತ್ತೂವರೆ.
ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಆಮೇಲೆ ತಂತಿ.
ಎಳೆಯವಿದ್ದಾಗ ಮೇಲೇರಿ ಕೂತು
ಮುಂದೇನು ಎಂಬಂತೆ ನನ್ನತ್ತ ನೋಡುತ್ತಿದ್ದವು.
ಈಗ ನೇತಾಡುತ್ತವೆ, ಬೀಳುತ್ತವೆ.
ಕೆಳಗೆ ಮೆತ್ತಗೆ ಹಾಸಿದೆ.

ಮೂರು ವರ್ಷದಿಂದ ನಾನು ಸೋಪು ಬದಲಿಸಿಲ್ಲ.
ಹೊಸ ವಾಸನೆಗೆ ಅವು ಬೆದರುತ್ತವೆ,
ಬೆದರಿದರೆ ತೂಕ ಇಳಿಯುತ್ತದೆ,
ಇಳಿದದ್ದು ಲೆಕ್ಕಕ್ಕೆ ಬರುತ್ತದೆ.
ತಂಗಿ ಮಾರಿಕಾ ಕೊಟ್ಟ ಲ್ಯಾವೆಂಡರ್ ಬಿಲ್ಲೆ
ಕಪಾಟಿನಲ್ಲಿ ನನ್ನ ಸ್ವೆಟರುಗಳನ್ನು ಕಾಯುತ್ತಿದೆ.

ನವೆಂಬರಿನ ಒಂದು ಸಂಜೆ, ಯಾಕೋ,
ಮನೆಯ ಕನ್ನಡಿಯೆದುರು ಅದೇ ಹಾಳೆ ಹಿಡಿದು ನಿಂತೆ.
ಕೂದಲು: ಅರ್ಧ.
ಬಣ್ಣ ಹೋದದ್ದು: ಒಂದು, ವಾದವಿಲ್ಲ.
ಕಿವಿ: ಯುಲೊನನ್ನೇ ಕೇಳಬೇಕು,
ಅವನು ಹೇಳಿದ್ದು ನನಗೆ ಕೇಳಿಸಿದರೆ.
ಮೀಸೆ: ಈಚೆಗೆ ಬರುತ್ತಿದೆ. ಇದಕ್ಕೆಷ್ಟು ಅಂಕ?
ಬಾಲ: ಅನ್ವಯಿಸದು.
ಟವೆಲಿನ ಸರಳಿಗೆ ಜೋತುಬೀಳಲು ಹೋಗಿ
ಗೋಡೆಯಿಂದ ಸರಳನ್ನೇ ಕಿತ್ತೆ.
ಸೆಕೆಂಡು ಎಣಿಸಲು ಯಾರೂ ಇರಲಿಲ್ಲ.

ಮಾರ್ಚಿನಲ್ಲಿ ಕೇಕು ತಂದು ಲಕೋಟೆ ಒಡೆದರು.
ಪುಡಿ ಇದ್ದದ್ದು ನೀಲಿಯಲ್ಲಿ.
ನೀಲಿ, ಹಳದಿ, ಎರಡೂ ಸತ್ತದ್ದು
ಹೆಚ್ಚುಕಡಿಮೆ ಅವೇ ವಾರಗಳಲ್ಲಿ.
ಆದರೆ ನೀಲಿಯವು ತಂತಿ ಹಿಡಿದದ್ದು
ಸರಾಸರಿ ಏಳು ಸೆಕೆಂಡು ಹೆಚ್ಚು.
ಏಳು ಸೆಕೆಂಡು! ಎಂದು ಕಂಪನಿಯ ಹುಡುಗ
ಎಲ್ಲರ ಕೈ ಕುಲುಕಿದ.
ಅವನು ಹಂಚಿದ ಸೀಸೆಯ ಮೇಲೆ
ಬಿಳಿಗೂದಲಿನವನೊಬ್ಬ ಸೈಕಲ್ ತುಳಿಯುತ್ತಾನೆ,
ಹಲ್ಲೆಲ್ಲ ಅವನವೇ.
ಇಲಿಯ ಚಿತ್ರ ಎಲ್ಲೂ ಇಲ್ಲ.

ಬರೀ ಏಳು ಸೆಕೆಂಡು ಎಂದು ಗೊಣಗುತ್ತ ಹೊರಬಂದೆ.
ಬಸ್‌ಸ್ಟಾಪಿನಲ್ಲಿ, ಕರಗಿ ಮತ್ತೆ ಗಟ್ಟಿಯಾದ ಹಿಮದ ಮೇಲೆ,
ನನಗಿಂತ ಹಿರಿಯಳೊಬ್ಬಳ ಕಾಲು ಜಾರಿತು.
ಕಂಬಕ್ಕೆ ಕೈ ಸಿಕ್ಕಿತು.
ಒಂದು, ಎರಡು, ಮೂರು. ನಾನು ಓಡುತ್ತಿದ್ದೆ,
ಓಡುತ್ತಲೇ, ಅಭ್ಯಾಸಬಲ, ಎಣಿಸುತ್ತಿದ್ದೆ.
ಆರಕ್ಕೆ ತಲುಪಿದೆ.
ಅವಳಿನ್ನೂ ಹಿಡಿದೇ ಇದ್ದಳು.

ಆ ರಾತ್ರಿ ಲ್ಯಾವೆಂಡರ್ ಬಿಚ್ಚಿ ಕೈ ತೊಳೆದೆ,
ಮತ್ತೊಮ್ಮೆ ತೊಳೆದೆ.
ಸೋಮವಾರ ಹೊಸ ಮರಿಗಳು ಬಂದವು,
ಹೊಸ ಚೀಲಗಳು, ಹಸಿರು ಚೀಟಿ, ಕೆಂಪು ಚೀಟಿ.
ನಿವೃತ್ತಿಗೆ ನನಗೆ ಇನ್ನು ಮೂರೇ ವರ್ಷ.
ಮೊದಲನೆಯದು ಅಂಗೈಯನ್ನು ಮೂಸಿತು,
ಬೆದರಲಿಲ್ಲ.
ಅದಕ್ಕೆ ಗೊತ್ತಿರುವ ನಾನು ಇವಳೇ.
ಇನ್ನು ಬದಲಾಯಿಸುವ ಹಾಗಿಲ್ಲ.