ಹದಿಮೂರರಿಂದ ಏಳು, ಸಂದುಚುಕ್ಕಿ

ವಕೀಲರ ಕೋಟು ಹೊಲಿದು ಉಳಿದ ಕರೀ ಬಟ್ಟೆ,
ಎರಡೂವರೆ ಮೀಟರು.
ಹೊಸಲೈನ್ ರಸ್ತೆಯ ಅಂಗಡಿಯಿಂದ ಇವರು
ಕಂಕುಳಲ್ಲಿ ಸುತ್ತಿ ತಂದು
"ಏನಾದರೂ ಮಾಡ್ಕೊ" ಅಂದರು.
ಏನಾದರೂ ಅಂದರೆ
ಸೋಫಾ ಇಲ್ಲದ ಮನೆಗೆ ಸೋಫಾ ಹೊದಿಕೆ.

ಗಂಜಿ ಹೋಗಲೆಂದು ಮೊದಲು ಒಗೆದೆ.
ಬಕೀಟಿನ ನೀರು ಮೂರು ಸಲ ಕಪ್ಪಾಯಿತು,
ನಾಲ್ಕನೆಯ ಸಲ ಸುಮ್ಮನಾಯಿತು.

ಅಚ್ಚಿಗೆ ಆಲೂಗೆಡ್ಡೆ.
ಜಲಂಧರದ ಲಾರಿಯಲ್ಲಿ ಬಿತ್ತನೆಗೆಂದು ಬಂದು
ಸಂತೇಪೇಟೆಯಲ್ಲಿ ಮುನೀರಣ್ಣನ ತಕ್ಕಡಿ ಹತ್ತಿ ಇಳಿದು
ಯಾವ ಹೊಲಕ್ಕೂ ಹೋಗದೆ ಉಳಿದದ್ದು.
ಅಡ್ಡಕ್ಕೆ ಕೊಯ್ದೆ.
ಮಣ್ಣೊಳಗೆ ತೆರೆಯಬೇಕಿದ್ದ ಕಣ್ಣುಗಳು
ನನ್ನ ಚಾಕುವನ್ನೇ ನೋಡುತ್ತಿದ್ದವು.

ಅತ್ತೆ ಗಂಗಮಾಳಮ್ಮ ಮಂಚದ ಮೇಲೆ.
ಮಂಡಿ ಬಗ್ಗದೆ ಎರಡು ವರ್ಷ.
ಹೊಸ್ತಿಲ ಮುಂದೆ ಈಗ ನಾನೇ ಬಿಡುವುದು:
ನಾಲ್ಕು ಎಳೆ, ಒಂದು ಹೂವು,
ಹಾಲು ಉಕ್ಕುವಷ್ಟರಲ್ಲಿ ಮುಗಿಯುವಂಥದ್ದು.
ಕಿಟಕಿಯಿಂದ ನೋಡಿ ಏನೂ ಅನ್ನುವುದಿಲ್ಲ.
ಏನೂ ಅನ್ನದಿರುವುದು
ಅವರಿಗೆ ಚೆನ್ನಾಗಿ ಬರುತ್ತದೆ.

ಇವತ್ತು ಅಂದರು:
"ಹದಿಮೂರು ಇಡು.
ಎರಡೂ ಕಡೆ ಸಂದಿನಲ್ಲಿ ಇಳಿಸ್ಕೊಂಡು ಹೋಗಿ
ಏಳಕ್ಕೆ ನಿಲ್ಲಿಸು."

ಮೇಜಿಗೆ ಕಂಬಳಿ, ಕಂಬಳಿಗೆ ಕರೀ ಬಟ್ಟೆ.
ಕಪ್ಪಿನ ಮೇಲೆ ಬಿಳಿ ಸುಲಭಕ್ಕೆ ಕೂರುವುದಿಲ್ಲ.
ಒತ್ತಿದಾಗ ಹಾಲು,
ಒಣಗಿದಾಗ ಬೂದಿ.
ಬಟ್ಟೆ ಕುಡಿದುಬಿಡುತ್ತದೆ,
ಕುಡಿದದ್ದನ್ನು ಒಪ್ಪಿಕೊಳ್ಳುವುದೂ ಇಲ್ಲ.
ಕಾಯಬೇಕು. ಕಾದು
ಅದೇ ಚುಕ್ಕಿಯ ಮೇಲೆ ಅದೇ ಚುಕ್ಕಿ ಒತ್ತಬೇಕು,
ಕೂದಲೆಳೆಯಷ್ಟು ಸರಿದರೆ ಎರಡು ಚಂದ್ರ.
ಗೆಡ್ಡೆ ಬೇರೆ ನೀರು ಬಿಡುತ್ತದೆ,
ಒತ್ತುವ ಮುಂಚೆ ಪ್ರತಿ ಸಲ ಒರೆಸು.
ಒರೆಸಿದ ಸೆರಗಿಗೆ ಬಿದ್ದವು
ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿರುವವು ನೂರ ಇಪ್ಪತ್ತೇಳು.
ನಾನು ಎಣಿಸಿದ್ದು ಕ್ಯಾಲೆಂಡರಿನ ಹಿಂದೆ ಗೀಟು ಹಾಕಿ,
ಅವರು ಹೊದಿಕೆಯೊಳಗೆ ಬೆರಳು ಮಡಿಸಿ.
"ಎಡಗಡೆ, ಮೂರನೇ ಸಾಲು. ಒಂದು ಬಿಟ್ಟೆ."
ಕನ್ನಡಕ ಗೂಡಿನಲ್ಲೇ ಇತ್ತು.

ಎಳೆಗೆ ಗೆಡ್ಡೆ ಬಾರದು. ಕುಂಚ ಬೇಡವೆಂದರು.
ಮೇಜನ್ನು ಮಂಚಕ್ಕೆ ತಾಗಿಸಿದೆ.
ತೋರುಬೆರಳು ಅದ್ದಿ ಬಗ್ಗಿದರು.
ಪುಡಿ ಸುರಿಸಿ ರೂಢಿಯಾದ ಬೆರಳು
ಒದ್ದೆಯಲ್ಲಿ ತಡವರಿಸಿತು,
ಒಂದು ಚುಕ್ಕಿ ಸುತ್ತಿತು, ಎರಡರ ಸಂದಿನಲ್ಲಿ ನುಸುಳಿತು,
ಆಮೇಲೆ
ದಾರಿ ನೆನಪಾದ ದನದ ಹಾಗೆ
ನನ್ನನ್ನು ಬಿಟ್ಟು ಹೊರಟುಬಿಟ್ಟಿತು.

ಅರ್ಧಕ್ಕೆ ನಿಂತು ಕೇಳಿದರು:
"ಇದು ಅಳಿಸಲ್ವಾ?"
ಇಲ್ಲ ಅತ್ತೆ, ಬಿಸಿ ಇಸ್ತ್ರಿ ಇಟ್ಟರೆ ಕೂತುಬಿಡುತ್ತೆ.
"ಮತ್ತೆ ನಾಳೆ ಇದರ ಮೇಲೆ ಏನು ಬಿಡ್ತೀಯ?"

ಐವತ್ತು ವರ್ಷ ಅವರ ಬೆಳಗುಗಳನ್ನು
ಹಾಲಿನ ಸೈಕಲ್ಲು, ಸ್ಕೂಲು ಮಕ್ಕಳ ಬೂಟು,
ಎದುರುಮನೆಯ ಒಂದು ಎಮ್ಮೆ
ತುಳಿದು ತುಳಿದು ಖಾಲಿ ಮಾಡಿಕೊಟ್ಟಿದ್ದವು.
ನಾನು ಬಟ್ಟಲಲ್ಲಿ ಬಿಳಿ ಕಲಸುತ್ತಾ ಇದ್ದೆ,
ಅಷ್ಟು ಕಲಸುವ ಅಗತ್ಯವಿರಲಿಲ್ಲ.

ರಾತ್ರಿ ಪೇಪರು ಹಾಸಿ ಹಿಂಬದಿಯಿಂದ ಇಸ್ತ್ರಿ.
ಬೆಳಿಗ್ಗೆ ಅಚ್ಚು ಅಂಚು ಮುದುರಿಕೊಂಡು
ಮುದುಕಿಯ ಬಾಯಾಗಿತ್ತು.
ಬಣ್ಣ ಕಾಣದ ಗೆಡ್ಡೆಗಳು ಪಲ್ಯವಾದವು,
ಒಂದನ್ನು ಬಿಟ್ಟು.

ಮೊದಲ ಒಗೆತಕ್ಕೆ ಐದನೇ ಸಾಲಲ್ಲಿ
ಒಂದು ಚುಕ್ಕಿ ಎದ್ದುಹೋಯಿತು.
ಶಾಖ ಸಾಲದೇ ಹೋಗಿರಬೇಕು.
ಹೇಳದೆ ಮಡಿಸಿಡಲು ನೋಡಿದೆ.
ಕೈಯಾಡಿಸಿ ಹಿಡಿದುಬಿಟ್ಟರು,
ಉಗುರಿನಿಂದ ಸುತ್ತ ಇನ್ನೊಂದಿಷ್ಟು ಕೆರೆದರು,
ಖಾಲಿಯನ್ನು ಹೆಬ್ಬೆರಳಲ್ಲಿ ಒರೆಸಿ
"ಗೆಡ್ಡೆ ಇದೆಯೇನೆ" ಅಂದರು.