ರಿಪೇರಿಯವನ ಸಾಕ್ಷಿ

ಹಿಲರಿ ಕುಟಿನ್ಹೊನ ತಿಂಗಳ ಬಲಿಪೂಜೆ ಮುಗಿಸಿ
ಧೋಬಿ ತಲಾವಿನ ಇರಾನಿ ಹೋಟೆಲಿನಲ್ಲಿ
ನಾಲ್ವರು ಕೂತೆವು. ಐದನೆಯವ ಹುಡುಗ;
ಹಳೆಯ ಹಾಡು ಹೊಸದಾಗಿ ಮಾರುವ ಕಂಪನಿಯವನು.
ಬ್ರುನ್ ಮಸ್ಕಾದ ತಟ್ಟೆಗಳ ನಡುವೆ ಅವನ ಫೋನು
ಕೆಂಪು ಚುಕ್ಕಿ ಮಿಟುಕಿಸುತ್ತ ನಮ್ಮ ಮಾತು ನುಂಗುತ್ತಿತ್ತು.

ಕೆರ್ಸಿ ಡ್ರಮ್ಮಿನವನು. ಈಗ ಕೈ ನಡುಗಿ
ಬಸಿಯೇ ತಾಳ ಹಾಕುತ್ತದೆ. ಅಂದ:
"ಬರಕೋ ಡಿಕ್ರಾ, ಅವನೊಬ್ಬನೇ. ನಾವೆಲ್ಲ ಬಾಡಿಗೆ ಕುರ್ಚಿಗಳು.
ಟ್ರಾಮು ನಿಂತು ಐದು ವರ್ಷಕ್ಕೆ
'ಕೊನೆಯ ಟ್ರಾಮ್' ಅಂತ ಬ್ಯಾಂಡಿಗೆ ಹೆಸರಿಟ್ಟವನು.
ಊರೆಲ್ಲ ಪರರ ಹಾಡು ಹಾಡಿ
ಮದುವೆ ಊಟ ಉಣ್ಣುತ್ತಿದ್ದಾಗ
ಇವನು ಬರೆದದ್ದು ಏನನ್ನು?
ಭಾಯ್‌ಖಳಾ ಮಾರ್ಕೆಟಿನ ಹೂಕೋಸೊಂದು
ತಲೆ ತಿರುಗಿಸಿ ತನ್ನನ್ನು ನೋಡಿದ್ದನ್ನು!"

ಗುಲ್ ಮೀರ್‌ಚಂದಾನಿ ನಕ್ಕ. ನಗೆಯಲ್ಲಿ ಐವತ್ತು ವರ್ಷದ ತುಕ್ಕು.
"ನೋಡದೆ ಏನು? ಗುಳಿಗೆ ನುಂಗಿದವನಿಗೆ ಹೂಕೋಸೂ ನೆಂಟ.
ಕಾಲೇಜು ಮೈದಾನ, ಎರಡು ಸಾವಿರ ಜನ.
ಒಂದೇ ತಂತಿ, ಒಂದೇ ಸ್ವರ, ನಲವತ್ತು ನಿಮಿಷ.
ಚಪ್ಪಲಿ ಬಿದ್ದದ್ದು ನನ್ನ ಮುಖಕ್ಕೆ.
ಅಪ್ಪ ಅಂಗಡಿ ಅಡವಿಟ್ಟು ಕೊಡಿಸಿದ ಆಂಪ್ಲಿಫಯರನ್ನು
ಬಾಂದ್ರಾದ ಬಂಡೆ ಮೇಲಿಟ್ಟು ಭರತಕ್ಕೆ ಒಪ್ಪಿಸಿದ,
ಸಮುದ್ರಕ್ಕೂ ಕೇಳಲಿ ಅಂತ.
ಇದನ್ನೂ ಬರಕೋ."

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಿದ್ದಳು ಅವ್ವ.
ಇಲ್ಲಿ ಒಬ್ಬ ಹಾಲು ಅಳೆಯುತ್ತಿದ್ದ,
ಒಬ್ಬ ಇನ್ನೂ ಒದೆತ ಎಣಿಸುತ್ತಿದ್ದ.

"ಅಂದರೆ ಹುಚ್ಚೇ ಆ ಪ್ರತಿಭೆಯ ಬಾಗಿಲೇ?" ಹುಡುಗ ಕೇಳಿದ,
ಪುಸ್ತಕದ ಬೆನ್ನಿಗೆ ಅಚ್ಚಾಗುವಂಥ ಮಾತು.

ಯೂನಿಸ್, ಅವನ ತಂಗಿ, ಅಲ್ಲಿವರೆಗೆ
ಮಾವಾ ಕೇಕಿನ ಕಾಗದ ಬಿಡಿಸುತ್ತಿದ್ದಳು.
"ಬಾಗಿಲಿಗೆ ಒಳಗಿಂದ ಅಗುಳಿ ಇತ್ತು, ಮಗಾ.
ನಲವತ್ತೊಂಬತ್ತು ವರ್ಷ ಅವನ ಉಗುರು ಕತ್ತರಿಸಿದವಳು ನಾನು.
ನಿಮ್ಮಂಥವರು ವರ್ಷಕ್ಕೊಮ್ಮೆ ಬಂದು
ಕಿಟಕಿ ಕೆಳಗೆ ಅವನದೇ ಹಾಡು ಹಾಡುವಿರಿ.
ಅವನು ಮಂಚದಡಿ ಸೇರುತ್ತಿದ್ದ.
ಹಾಡು ಮುಗಿದರೂ ಬರುತ್ತಿರಲಿಲ್ಲ, ಸಂಜೆಯವರೆಗೆ."

ಬಸಿಯ ತಾಳ ನಿಂತಿತು.

"ನೀವೇನಾದರೂ, ಮೆಂಡನ್ ಅಂಕಲ್?"

ನಾನೇನು ಹೇಳಲಿ? ನಾನು ಬ್ಯಾಂಡಿನವನಲ್ಲ.
ಹಗಲು ಗ್ಲಾಸು ತೊಳೆದು, ಇರುಳು
ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಕಾಗುಣಿತ ತಿದ್ದಿ,
ಆಮೇಲೆ ಲ್ಯಾಮಿಂಗ್ಟನ್ ರೋಡಿನಲ್ಲಿ ಬೆಸುಗೆ ಕಡ್ಡಿ ಹಿಡಿದವನು.
ಸತ್ತ ಎರಡು ಟೇಪ್ ರೆಕಾರ್ಡರು ಕೂಡಿಸಿ
ಅವನ ದನಿಗೆ ಮಾರ್ದನಿಯ ಪೆಟ್ಟಿಗೆ ಕಟ್ಟಿಕೊಟ್ಟವನು.

ತಿಂಗಳಿಗೊಮ್ಮೆ ತರುತ್ತಿದ್ದ. "ಇದರೊಳಗೆ
ಒಬ್ಬ ಉಳಿದುಬಿಟ್ಟಿದ್ದಾನೆ, ತೆಗೆದುಬಿಡು."
ನಾನು ಧೂಳು ಊದಿ, ಹೆಡ್ಡು ಸ್ಪಿರಿಟ್ಟಿನಲ್ಲಿ ಒರೆಸಿ
ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದೆ.
ಐದು ರೂಪಾಯಿ. ಆ ಒಬ್ಬನನ್ನು ತೆಗೆಯಲಿಲ್ಲ.

ಎಪ್ಪತ್ತಮೂರರ ಡಿಸೆಂಬರಿನಲ್ಲಿ ಇಟ್ಟುಹೋದವನು
ಮತ್ತೆ ಬರಲಿಲ್ಲ. ನನ್ನ ಖಾತೆ ಪುಸ್ತಕದಲ್ಲಿ
"ಹಿಲರಿ, ಎಕೋ, ಬಾಕಿ" ಎಂದಿದೆ ಇಂದಿಗೂ.
ಟೇಪು ಒಳಗೇ ಇದೆ. ಒಂಬತ್ತು ಸೆಕೆಂಡಿನ ಸುತ್ತು:
ಒಂದು ಉಸಿರು, ದೂರದಲ್ಲಿ ಲೋಕಲ್ ಗಾಡಿಯ ಕೂಗು,
ಆಮೇಲೆ ನನ್ನಿಂದಲೇ ಕಲಿತ ಕನ್ನಡದಲ್ಲಿ
"ಮೆಂಡನ್, ಆಯಿತಾ?"
ಮತ್ತೆ ಉಸಿರು, ಗಾಡಿ, "ಮೆಂಡನ್, ಆಯಿತಾ?"

ಒಂದೊಂದು ಸುತ್ತಿಗೂ ಕಂದು ಪುಡಿ ಉದುರುತ್ತದೆ.
ಕೇಳಿದಷ್ಟೂ ಸವೆಯುತ್ತಾನೆ. ಅದಕ್ಕೇ
ನಾನು ಕೇಳುವುದು ವರ್ಷಕ್ಕೊಂದು ಸಲ.

ಹುಡುಗ ಫೋನನ್ನು ನನ್ನತ್ತ ಸರಿಸಿದ.
"ಹಳೆಯ ಟೇಪು ಏನಾದರೂ ಉಳಿದಿದೆಯೇ?"

ಯೂನಿಸ್ ನನ್ನನ್ನೇ ನೋಡುತ್ತಿದ್ದಳು.
"ಒಂದು ಪೆಟ್ಟಿಗೆ ಇದೆ," ಅಂದೆ. "ರಿಪೇರಿ ಇನ್ನೂ ಆಗಿಲ್ಲ."

ಬಿಲ್ಲು ಗುಲ್ ಕೊಟ್ಟ, ಬೈಯುತ್ತಲೇ.
ಚಹಾ ಆರು ಎಂದು ಬರೆಸಿದ್ದ.
ಕೂತವರು ಐವರು.